ಗೋಡೆ ಕಡೆಯ ಕಿವಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವುದು, ‘ಮೇಡಂ, ನಿಮ್ಮ ಕಾಲದಲ್ಲಿ ಯಾವ ಮಷೀನು ಇತ್ತು?’ ಎಂದು. ಜೋಳ ಇತ್ತು, ಅನ್ನುತ್ತೇನೆ. ನಗುತ್ತಾರೆ. ತಮಾಷೆಗೆ ಹೇಳುವ ಮಾತಲ್ಲ ಅದು. ಎಂಬತ್ತರ ದಶಕದ ನಡುವೆ ನಾನು ಚಿಕ್ಕೋಡಿಗೆ ಬಂದಾಗ ನಮ್ಮ ಶ್ರವಣ ಕೇಂದ್ರ ಅಂದರೆ ಒಂದು ಟ್ರಸ್ಟಿನವರು ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆ. ಪೌಡರ್ ಡಬ್ಬಿಯಲ್ಲಿ ಒಂದು ಹಿಡಿ ಜೋಳ, ದೇವರ ಮನೆಯ ಗಂಟೆ, ನನ್ನ ಕೈಗಡಿಯಾರ, ಬಡಿದರೆ ಗುಂಯ್ ಅನ್ನುವ ಉಕ್ಕಿನ ಕವಲು. ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಕೆಂಪು ಬಸ್ಸು ಹತ್ತುತ್ತಿದ್ದೆ. ಒಂದು ದಿನ ನಿಪ್ಪಾಣಿ, ಒಂದು ದಿನ ರಾಯಬಾಗ, ಇನ್ನೊಂದು ದಿನ ಅಥಣಿ, ಕಾಗವಾಡ. ನಮ್ಮ ಕಡೆ ಟೀಚರನ್ನೂ ನರ್ಸನ್ನೂ ಬಾಯಾರು ಎಂದೇ ಕರೆಯುವುದು. ನಾನು ‘ಕಿವಿ ಬಾಯಾರು’ ಆಗಿಹೋದೆ. ನನ್ನ ತಂದೆ ತಾಯಿ ಇಟ್ಟ ಹೆಸರು ಪೋಸ್ಟ್‌ಮನ್ನನಿಗೆ ಮಾತ್ರ ಗೊತ್ತಿತ್ತು.

ಪೂರ್ತಿ ಕಿವುಡಾದ ಮಗುವನ್ನು ಯಾರಾದರೂ ಗುರುತಿಸುತ್ತಾರೆ. ಬಾಗಿಲು ಬಡಿದರೂ ತಿರುಗುವುದಿಲ್ಲ, ಮುಗಿಯಿತು. ನನ್ನನ್ನು ಇಡೀ ಜೀವಮಾನ ಬೆರಗುಗೊಳಿಸಿದವರು ಒಂದೇ ಕಿವಿ ಕೇಳುವ ಮಕ್ಕಳು. ಅವರು ತಿರುಗುತ್ತಾರೆ, ನಗುತ್ತಾರೆ, ಹಾಡುತ್ತಾರೆ ಸಹ. ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮಕ್ಕಳಿಗಂತೂ ಮೊದಲೇ ಗೊತ್ತಿರುವುದಿಲ್ಲ. ಎಲ್ಲರಿಗೂ ಒಂದೇ ಕಿವಿ ಕೇಳುವುದು, ಇನ್ನೊಂದು ಓಲೆ ಹಾಕಿಕೊಳ್ಳಲಿಕ್ಕೆ ಅಂತಲೇ ಅವು ತಿಳಿದಿರುತ್ತವೆ! ಹೀಗಂತ ಒಬ್ಬ ಹುಡುಗಿ ನನ್ನ ಮುಂದೆ ಹೇಳಿಯೂ ಇದ್ದಾಳೆ.

ಅಥಣಿಯಲ್ಲಿ ಒಬ್ಬ ಜೈನ ವ್ಯಾಪಾರಿ ಇದ್ದರು, ಅಪ್ಪಾಸಾಹೇಬರು ಅಂತ. ಬೆಲ್ಲದ ಅಂಗಡಿ. ಹೊಸದಾಗಿ ಫೋನು ಬಂದಿತ್ತು. ಶಾಲೆ ಬಿಟ್ಟ ಮೇಲೆ ಮಗ ಅಂಗಡಿಯಲ್ಲಿ ಕೂರುವ ಪದ್ಧತಿ. ಅಪ್ಪ ಫೋನ್ ಎತ್ತಿದರೆ ಸರಿ ಇರುತ್ತದೆ, ಮಗ ಎತ್ತಿದರೆ ಸತ್ತಿರುತ್ತದೆ. ಲೈನ್‌ಮನ್ನನ್ನು ಮತ್ತೆ ಮತ್ತೆ ಕರೆಸಿ ಬೈದು ಕಳಿಸಿದರು. ಕೊನೆಗೆ ಒಂದು ದಿನ ಫೋನ್ ಸತ್ತಿದೆ ಅಂತ ಮಗ ಹೇಳುತ್ತಿರುವಾಗಲೇ ಅದರೊಳಗಿಂದ ಸಾಂಗ್ಲಿಯ ದಲ್ಲಾಳಿ ಬಾಯಿಗೆ ಬಂದ ಹಾಗೆ ಬಯ್ಯುವುದು ಅಪ್ಪನಿಗೆ ಕೇಳಿಸಿತು. ಆಗಿದ್ದೇನೆಂದರೆ, ದರ ಬರೆದುಕೊಳ್ಳಲು ಬಲಗೈ ಬೇಕಲ್ಲ, ಅದಕ್ಕೆ ಹುಡುಗ ರಿಸೀವರನ್ನು ಎಡಗಿವಿಗೆ ಹಿಡಿಯುತ್ತಿದ್ದ. ಎಡಗಿವಿ ಮಂಗನಬಾವು ಬಂದಾಗಲೇ ಹೋಗಿತ್ತು.

‘ಬಾಯಾರ, ನನ್ನ ಮಗಾ ಕಿವುಡ ಇದ್ದಾನಂತ ಸುದ್ದಿ ಹಬ್ಬಿಸಬ್ಯಾಡ್ರಿ, ನಾಳೆ ಕನ್ಯಾ ಕೊಡಂಗಿಲ್ಲ ಯಾರೂ’ ಎಂದು ಅವರು ಕೈ ಮುಗಿದರು. ಮಗ ಇನ್ನೂ ಐದನೇ ಇಯತ್ತೆಯಲ್ಲಿ ಓದುತ್ತಿದ್ದ.

ಆ ಹುಡುಗನಿಗೆ ಮಾತೆಲ್ಲ ಬಂದ ಮೇಲೆ ಕಿವಿ ಹೋದದ್ದು. ಹಾಗಾಗಿ ಅವನ ಮಾತಿಗೆ ಏನೂ ಆಗಿರಲಿಲ್ಲ. ಹುಟ್ಟುತ್ತಲೇ ಒಂದು ಕಿವಿ ಇಲ್ಲದೆ ಬಂದ ಕೂಸಿನ ಕತೆ ಬೇರೆ. ಅದು ಅರ್ಧ ಕೇಳಿದ್ದರಲ್ಲಿಯೇ ಇಡೀ ಭಾಷೆಯನ್ನು ಕಟ್ಟಿಕೊಳ್ಳಬೇಕು. ಮನೆಯಲ್ಲಿ ಒಲೆಯ ಸದ್ದು, ರೇಡಿಯೋ, ದನದ ಗಂಟೆ, ನಾಲ್ಕು ಜನ ಒಟ್ಟಿಗೆ ಮಾತಾಡುವುದು. ಇದರ ನಡುವೆ ಬೇಕಾದ ದನಿಯನ್ನು ಹೆಕ್ಕಿ ತೆಗೆಯಲು ಎರಡು ಕಿವಿಯ ಜೋಡಿ ಬೇಕು. ಒಂದೇ ಇದ್ದರೆ ಎಲ್ಲವೂ ಒಂದೇ ಬುಟ್ಟಿಗೆ ಬಿದ್ದ ಕಾಯಿಪಲ್ಲೆ. ಆದರೂ ಬಹಳಷ್ಟು ಮಕ್ಕಳು ಕಲಿತುಬಿಡುತ್ತವೆ. ಹೇಗೆ ಕಲಿಯುತ್ತವೆ ಅನ್ನುವುದಕ್ಕೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಬೆರಗು ಮಾತ್ರ ಇದೆ. ಕೆಲವು ಹಿಂದೆ ಬೀಳುತ್ತವೆ. ತಡವಾಗಿ ಮಾತಾಡುತ್ತವೆ, ಕಡಿಮೆ ಮಾತಾಡುತ್ತವೆ, ಶಾಲೆಯಲ್ಲಿ ಮೊದ್ದು ಅನ್ನಿಸಿಕೊಳ್ಳುತ್ತವೆ.

ನಮ್ಮ ಕೇಂದ್ರಕ್ಕೆ ವಾರಕ್ಕೊಮ್ಮೆ ಬೆಳಗಾವಿಯಿಂದ ಬರುತ್ತಿದ್ದ ಡಾಕ್ಟರು ಇದನ್ನು ಒಪ್ಪುತ್ತಿರಲಿಲ್ಲ. ಅವರನ್ನು ನಾವು ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ಕೈ ಬಂಗಾರ, ಬಾಯಿ ಬೆಂಕಿ. ಸೋರುವ ಕಿವಿಯನ್ನು ಅವರಷ್ಟು ಚೆನ್ನಾಗಿ ವಾಸಿ ಮಾಡಿದವರನ್ನು ನಾನು ಕಂಡಿಲ್ಲ. ‘ದೇವರು ಒಂದು ಕಿವಿ ಸ್ಟೆಪ್ನಿ ಅಂತ ಕೊಟ್ಟಾನ್ರೀ, ಲಾರಿಗೆ ಇರೂದಿಲ್ಲೇನು? ಒಂದ ಛಲೋ ಇದ್ರ ಗಾಡಿ ನಡೀತದ’ ಎನ್ನುತ್ತಿದ್ದರು. ಅವರೊಬ್ಬರದೇ ಅಭಿಪ್ರಾಯ ಅಲ್ಲ ಅದು, ಆಗ ನಾವು ಓದಿದ ಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ತೊಂಬತ್ತರ ದಶಕ ಬರುವ ಹೊತ್ತಿಗೆ ಪುಸ್ತಕಗಳು ಬೇರೆ ಮಾತು ಆಡತೊಡಗಿದವು. ಸಾಹೇಬರೂ ಆಡತೊಡಗಿದರು, ಮೊದಲಿನಿಂದ ತಮ್ಮದು ಅದೇ ಅಭಿಪ್ರಾಯ ಅನ್ನುವ ಹಾಗೆ.

ರಾಯಬಾಗದ ಕಡೆಯ ಒಂದು ಶಾಲೆಯ ಮಾಸ್ತರರನ್ನು ನೆನೆದರೆ ಈಗಲೂ ನಗು ಬರುತ್ತದೆ. ಬಹಳ ಶ್ರದ್ಧೆಯ ಮನುಷ್ಯ. ಬಲಗಿವಿ ಕೇಳದ ಒಬ್ಬ ಹುಡುಗ ಅವರ ವರ್ಗದಲ್ಲಿದ್ದ. ಅವನ ಕೇಳುವ ಕಿವಿ ನಿಮ್ಮ ಕಡೆ ಇರಲಿ ಅಂತ ತೋರಿಸಿಕೊಟ್ಟು, ಕೂರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿಸಿ ಬಂದೆ. ಮಳೆಗಾಲದಲ್ಲಿ ಮಾಡು ಸೋರಿತು ಅಂತ ಮಾಸ್ತರರು ಕರಿಹಲಗೆಯನ್ನು ಎದುರಿನ ಗೋಡೆಗೆ ಒಯ್ದರು, ಮಕ್ಕಳನ್ನೆಲ್ಲ ಆ ಕಡೆ ತಿರುಗಿಸಿದರು. ಈ ಹುಡುಗನನ್ನು ಮಾತ್ರ ಗುರುತಿನ ಮೇಲಿಂದ ಅಲುಗಾಡಿಸಲಿಲ್ಲ. ನಾನು ಮತ್ತೆ ಹೋದಾಗ ಇಡೀ ವರ್ಗಕ್ಕೆ ಬೆನ್ನು ಕೊಟ್ಟು ಅವನೊಬ್ಬ ಕೂತಿದ್ದ. ‘ನೀವು ಹೇಳಿದ ಜಾಗ ಬಿಟ್ಟಿಲ್ರಿ ಬಾಯಾರ’ ಎಂದರು ಮಾಸ್ತರರು, ಹೆಮ್ಮೆಯಿಂದ. ಜಾಗದಲ್ಲಿ ಏನೂ ಇಲ್ಲ ಮಾರಾಯರೇ, ಕಿವಿ ಯಾವ ಕಡೆ ಇದೆ, ಮಾತು ಯಾವ ಕಡೆಯಿಂದ ಬರುತ್ತದೆ ಅನ್ನುವುದರಲ್ಲೇ ಎಲ್ಲ ಇರುವುದು. ಈ ಪಾಠವನ್ನು ನನಗೆ ಗಟ್ಟಿ ಮಾಡಿದ್ದು ನಿಪ್ಪಾಣಿಯ ಶೋಭಾ.

ಶೋಭಾಳನ್ನು ಅವಳ ತಾಯಿ ಮಾದೇವಿ ಕರೆದುಕೊಂಡು ಬಂದದ್ದು ಮನೆಯವರಿಗೆ ಹೇಳದೆ. ಹೊಟ್ಟೆನೋವಿಗೆ ಔಷಧ ತರುತ್ತೇನೆ ಅಂತ ನೆಪ ಹೇಳಿ ನಿಪ್ಪಾಣಿಯಿಂದ ಚಿಕ್ಕೋಡಿ ಬಸ್ಸು ಹತ್ತಿದ್ದಳು. ಅಥಣಿ ಕಡೆಯ ಹಳ್ಳಿಯ ಹೆಣ್ಣುಮಗಳು, ಕನ್ನಡದವಳು. ಗಂಡ ಬಾಳು ತಂಬಾಕಿನ ವಖಾರಿಯಲ್ಲಿ ಕೂಲಿ. ಮನೆಮಾತು ಮರಾಠಿ. ಮಗಳಿಗೆ ನಾಲ್ಕು ತುಂಬಿತ್ತು.

‘ನನ್ನ ಮಗಳಿಗೆ ನನ್ನ ಮ್ಯಾಲ ಏನ್ ಸಿಟ್ಟೋ ಗೊತ್ತಿಲ್ರಿ ಬಾಯಾರ. ನಾ ಕರದ್ರ ತಿರುಗಿ ನೋಡಂಗಿಲ್ಲ. ಅತ್ತಿ ಕರದ್ರ ಓಡಿ ಹೋಕ್ಕಾಳ. ನನ್ನ ಮಾತು ಒಂದೂ ಕಲೀಲಿಲ್ಲ. ಅತ್ತಿಗೇ ಆಯಿ ಅಂತಾಳ. ನನಗ ಏನಂತಾಳ ಗೊತ್ತೇನ್ರಿ? ಮಾದೇವಿ ಅಂತಾಳ!’ ಎಂದಳು. ಮಾತು ಎಷ್ಟು ಮೆಲ್ಲಗೆ ಅಂದರೆ ಎರಡು ಕಿವಿ ನೆಟ್ಟಗಿರುವ ನಾನೇ ಮುಂದಕ್ಕೆ ಬಾಗಬೇಕಾಯಿತು. ಮರಾಠಿಯಲ್ಲಿ ಆಯಿ ಅಂದರೆ ತಾಯಿ.

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಬಾಳುವಿನ ಅಕ್ಕ ಇದ್ದಳು, ಮಕ್ಕಳಿರಲಿಲ್ಲ. ಹೇಗೂ ಹುಡುಗಿಗೆ ಕನ್ನಡ ಹತ್ತುವುದಿಲ್ಲ, ತಾಯಿಯ ಹಂಬಲವೂ ಇಲ್ಲ. ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆ ಕಲಿಯಲಿ ಅಂತ ಮನೆಯಲ್ಲಿ ಮಾತಾಗಿತ್ತು. ಬೇಸಿಗೆ ಮುಗಿಯುತ್ತಿದ್ದ ಹಾಗೆ ಬಂದು ಕರೆದುಕೊಂಡು ಹೋಗುವುದು. ‘ಹುಡುಗಿನ ಒಲ್ಲೆ ಅಂದ ಮ್ಯಾಲ ನಾ ಯಾವ ಬಾಯಿಲೆ ಬ್ಯಾಡ ಅನ್ಲಿ?’ ಅಂದಳು ಮಾದೇವಿ.

ಶೋಭಾ ಅಷ್ಟರಲ್ಲಿ ನನ್ನ ಮೇಜಿನ ಮೇಲಿದ್ದದ್ದನ್ನೆಲ್ಲ ಮುಟ್ಟಿ ನೋಡಿಯಾಗಿತ್ತು. ಮಾತಾಡುತ್ತಿದ್ದದ್ದು ಎರಡು ಮೂರು ಪದಗಳ ತುಂಡು ಮರಾಠಿ, ವಯಸ್ಸಿಗೆ ಕಡಿಮೆಯೇ. ಆದರೆ ಎಂಥ ಮರಾಠಿ! ಕುರ್ಚಿಯಿಂದ ಇಳಿಯುವಾಗ ಮಂಡಿ ಹಿಡಿದುಕೊಂಡು, ದೇವಾ ನನ್ನ ಮೊಣಕಾಲೇ ಅಂತ ನರಳಿದಳು. ಯಪ್ಪಾ, ಇದೇನು, ನಾಲ್ಕು ವರ್ಷದ ಮುದುಕಿ! ಅಜ್ಜಿಯ ಬಾಯಿಂದ ಬಿದ್ದದ್ದನ್ನೆಲ್ಲ, ನರಳಿಕೆ ಸಮೇತ, ಒಂದೂ ಬಿಡದೆ ಎತ್ತಿಟ್ಟುಕೊಂಡಿದ್ದಳು.

ಬೆನ್ನ ಹಿಂದೆ ಜೋಳದ ಡಬ್ಬಿ ಅಲ್ಲಾಡಿಸಿದೆ. ಎಡಕ್ಕೆ ಅಲ್ಲಾಡಿಸಿದರೂ ಬಲಕ್ಕೇ ತಿರುಗಿದಳು. ಆ ಹೊತ್ತಿಗೆ ನಮ್ಮಲ್ಲಿ ಆಡಿಯೋಮೀಟರು ಬಂದಿತ್ತು, ಕಿವಿಗೆ ಸಣ್ಣದರಿಂದ ದೊಡ್ಡದರವರೆಗೆ ದನಿ ಬಿಟ್ಟು ಅಳೆಯುವ ಪೆಟ್ಟಿಗೆ. ದನಿ ಕೇಳಿದಾಗಲೆಲ್ಲ ಒಂದು ಮಣಿಯನ್ನು ಬಟ್ಟಲಿಗೆ ಹಾಕುವ ಆಟ ಹೇಳಿಕೊಟ್ಟೆ. ಬಲಗಿವಿಗೆ ಸಣ್ಣ ದನಿಗೂ ಮಣಿ ಬಿತ್ತು. ಎಡಗಿವಿಗೆ ಜೋರು ದನಿ ಬಿಟ್ಟಾಗ ಅಲ್ಲೂ ಬಿತ್ತು. ಅನುಭವವಿಲ್ಲದವರು ಇಲ್ಲಿ ಮೋಸ ಹೋಗುತ್ತಾರೆ. ಸತ್ತ ಕಿವಿಗೆ ಬಿಟ್ಟ ಜೋರು ದನಿ ತಲೆಬುರುಡೆ ದಾಟಿ ಆಚೆಯ ಒಳ್ಳೆ ಕಿವಿಗೆ ಹೋಗಿಬಿಡುತ್ತದೆ. ಹಾಜರಿ ಕರೆದಾಗ ಬರದ ಗೆಳೆಯನ ಪರವಾಗಿ ಪಕ್ಕದವನು ‘ಹಾಜರ್’ ಅಂದ ಹಾಗೆ. ಅದಕ್ಕೆ ಒಳ್ಳೆ ಕಿವಿಯೊಳಗೆ ಶೋ ಎನ್ನುವ ಸದ್ದು ತುಂಬಿ ಅದನ್ನು ಅಷ್ಟು ಹೊತ್ತು ಕಟ್ಟಿಹಾಕಬೇಕು. ಹಾಗೆ ಮಾಡಿ ಎಡಗಿವಿಗೆ ದನಿ ಬಿಟ್ಟೆ. ಶೋಭಾ ಮಣಿ ಹಿಡಿದು ನನ್ನ ಮುಖವನ್ನೇ ನೋಡುತ್ತ ಕೂತಳು. ಇನ್ನೂ ಏರಿಸಿದೆ. ಮಣಿ ಕೈಯಲ್ಲೇ ಇತ್ತು. ಪೆಟ್ಟಿಗೆ ಎಷ್ಟು ಕೊಡಬಲ್ಲದೋ ಅಷ್ಟನ್ನೂ ಕೊಟ್ಟೆ. ಆಟ ಯಾಕೆ ನಿಂತಿತು ಅಂತ ಕಾಯುತ್ತಿತ್ತು ಮಗು.

ಮಾದೇವಿಗೆ ಹೇಳಿದೆ. ಅವಳು ಅತ್ತಳು. ಕಣ್ಣು ಒರೆಸಿಕೊಂಡು ಅವಳು ಕೇಳಿದ ಪ್ರಶ್ನೆಯನ್ನು ನಾನು ಸಾಯುವತನಕ ಮರೆಯಲಾರೆ: ‘ಅಂದ್ರ ಸಿಟ್ಟಿಲ್ಲ ಅಂದಂಗಾತಲ್ರಿ?’

ದೊಡ್ಡ ಸಾಹೇಬರು ಸ್ಟೆಪ್ನಿಯ ಮಾತು ಹೇಳಿದರು. ‘ಮನ್ಯಾಗ ಎರಡ ಭಾಷಾ ಆಗ್ಯಾವ, ಕೂಸಿಗೆ ಗೊಂದಲ. ಒಂದ ಇಡ್ರಿ, ಮರಾಠಿ ಇರ್ಲಿ’ ಎಂದೂ ಸೇರಿಸಿದರು. ಆಗ ಎಲ್ಲರೂ ಕೊಡುತ್ತಿದ್ದ ಸಲಹೆ ಅದು. ನನಗೆ ಹಿಡಿಸಲಿಲ್ಲ. ನಮ್ಮ ಸೀಮೆಯಲ್ಲಿ ಎರಡು ಭಾಷೆಯಿಂದ ಗೊಂದಲ ಆಗುವುದಾದರೆ ಕೊಗನೊಳ್ಳಿಯಿಂದ ಸದಲಗಾವರೆಗೆ ಒಬ್ಬರಿಗೂ ಮಾತು ಬರಬಾರದಿತ್ತು! ಎರಡೂ ಭಾಷೆಗೆ ಒಂದೇ ಒಳ್ಳೆಯ ಕಿವಿ ಇದ್ದ ಮೇಲೆ ಒಂದು ಒಳಗೆ ಹೋಯಿತು, ಇನ್ನೊಂದು ಹೋಗಲಿಲ್ಲ. ಯಾಕೆ? ನಾನು ಮುಂದಿನ ವಾರ ನಿಪ್ಪಾಣಿಯ ಪಾಳಿಯಲ್ಲಿ ಅವರ ಮನೆಗೇ ಹೋದೆ.

ಬೀಡಿ ಕಟ್ಟುವ ಮನೆ. ಗೋಡೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ಮೊರ ಇಟ್ಟುಕೊಂಡು ಅತ್ತೆ ಸೊಸೆ ಸಾಲಾಗಿ ಕೂತಿದ್ದರು. ಬಾಗಿಲ ಬೆಳಕಿನಲ್ಲಿ ಅತ್ತೆ ತಾನುಬಾಯಿ. ಆ ಜಾಗ ಮನೆಯ ಹಿರಿಯಳದು. ಎಲೆ ಕಾಣಲು ಬೆಳಕೂ ಬೇಕು, ಓಣಿಯಲ್ಲಿ ಯಾರು ಹೋದರು ಬಂದರು ಅನ್ನುವುದೂ ಬೇಕು. ಒಳಗಿನ ಮೂಲೆಯಲ್ಲಿ ಸೊಸೆ. ಇಬ್ಬರ ನಡುವೆ ಶೋಭಾ. ನಡೆಯಲು ಕಲಿಯುವ ಮೊದಲಿಂದಲೂ ಅವಳ ಜಾಗ ಅದೇ. ಬಲಕ್ಕೆ ಅಜ್ಜಿ, ಎಡಕ್ಕೆ ತಾಯಿ. ಮೂಲೆಯ ಗೋಡೆಯಾಚೆ ಹಿಟ್ಟಿನ ಗಿರಣಿ, ಇಡೀ ದಿನ ದಡಬಡ. ತಾನುಬಾಯಿಯ ದನಿ ಕೇಳಿದರೆ ಓಣಿಯ ಕೊನೆಯ ನಾಯಿ ಎದ್ದು ಕೂರಬೇಕು. ಮಾದೇವಿಯೋ, ಅತ್ತೆಯ ಮುಂದೆ ಏರುದನಿ ಮಾಡಬಾರದು ಅಂತ ತಲೆಯ ಮೇಲಿನ ಸೆರಗನ್ನು ತುಟಿಯವರೆಗೆ ಎಳೆದು, ಅದರೊಳಗೇ ಪಿಸುಗುಟ್ಟುತ್ತಿದ್ದಳು. ಸತ್ತ ಕಿವಿಯ ಕಡೆ, ಗಿರಣಿಯ ಸದ್ದಿನ ಕಡೆ, ಸೆರಗಿನ ಹಿಂದೆ. ಮಗು ತುಟಿ ನೋಡಿ ಕೂಡ ಹಿಡಿಯುವ ಹಾಗಿರಲಿಲ್ಲ.

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಇಷ್ಟೇನಾ! ಮೂರು ಜನ ಕೂತ ರೀತಿಯಲ್ಲಿ ಒಂದು ಭಾಷೆ ಹುಟ್ಟಿತ್ತು, ಒಂದು ಭಾಷೆ ಹುಟ್ಟದೇ ಉಳಿದಿತ್ತು.

ತಾನುಬಾಯಿಗೆ ಪೇಟೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. ಹುಡುಗಿಯನ್ನು ನಡುವಿನಿಂದ ಎಬ್ಬಿಸಿ ಆಚೆಯ ಮೂಲೆಗೆ, ತಾಯಿಯ ಎಡಕ್ಕೆ ಕೂರಿಸಿ ಎಂದೆ. ಕೇಳದ ಕಿವಿ ಗೋಡೆಗೆ, ಗಿರಣಿಗೆ ಇರಲಿ. ಕೇಳುವ ಕಿವಿಯ ಕಡೆ ಮೊದಲು ತಾಯಿ, ಆಮೇಲೆ ನೀವು. ನಿಮ್ಮ ದನಿ ಹೇಗೂ ಅಲ್ಲಿಗೆ ಮುಟ್ಟುತ್ತದೆ ಎಂದೆ.

‘ವಾ ರೇ ವಾ!’ ಎಂದು ಮುದುಕಿ ಮೊರ ಕೆಳಗಿಟ್ಟಳು. ‘ನನ್ನ ಮಗ್ಗಲದಾಗಿಂದ ಕೂಸನ್ನ ಕಿತ್ತಕೊಳ್ಳಾಕ ಚಿಕ್ಕೋಡಿಯಿಂದ ಬಂದ್ರೇನ? ಇಕಿ ಹೇಳಿ ಕರಸ್ಯಾಳ ನಿಮ್ಮನ್ನ. ಕೂಸಿಗೆ ಕಿವಿ ಕೇಳಂಗಿಲ್ಲಂತ! ನಾ ಕರದ್ರ ಹೆಂಗ ಓಡಿ ಬರ್ತೈತಿ?’

ಮಾದೇವಿ ಸೆರಗಿನೊಳಗೆ ಇನ್ನೂ ಸಣ್ಣಗಾದಳು. ನಾನೂ ಬಿಡುವ ಪೈಕಿಯಲ್ಲ. ‘ಆಯಿ, ನನ್ನ ಮಾತು ನಂಬಬ್ಯಾಡ್ರಿ. ನೀವ ನೋಡ್ರಿ. ಅಕಿ ಎಡಗಿವ್ಯಾಗ ಸಾವಕಾಶ ಏನಾರ ಹೇಳ್ರಿ, ಅಕಿಗೆ ಸೇರೂದನ್ನ’ ಎಂದೆ. ಹುಡುಗಿಯ ಬಲಗಿವಿಯನ್ನು ನನ್ನ ಬೆರಳಿನಿಂದ ಒತ್ತಿ ಹಿಡಿದೆ.

ತಾನುಬಾಯಿ ಎಡಗಿವಿಗೆ ಬಾಯಿಟ್ಟು, ಬೆಲ್ಲ ಬೇಕೇನು ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಶೋಭಾ ಕಾಲ ಬೆರಳಿನೊಡನೆ ಆಡುತ್ತಿದ್ದಳು. ಮತ್ತೆ ಪಿಸುಗುಟ್ಟಿದಳು. ಅಜ್ಜಿಯ ಉಸಿರು ತಾಗಿ ಕಚಗುಳಿಯಾಗಿ ಹುಡುಗಿ ನಕ್ಕಳು, ಅಷ್ಟೇ. ನಾನು ಬೆರಳು ತೆಗೆದೆ. ಮುದುಕಿ ಈ ಕಡೆ ಬಂದು ಬಲಗಿವಿಯಲ್ಲಿ ಅದೇ ಮಾತು ಹೇಳಿದಳು. ಶೋಭಾ ತಟ್ಟನೆ ಅಂಗೈ ಚಾಚಿದಳು.

ತಾನುಬಾಯಿ ಆ ಅಂಗೈಯನ್ನು ನೋಡಿದಳು. ಒಳಗೆ ಹೋಗಿ ಬೆಲ್ಲ ತಂದು ಕೊಟ್ಟಳು. ಆಮೇಲೆ ಸೊಸೆಯ ಮುಂದೆ ನಿಂತಳು. ಇನ್ನು ಬೈಯುತ್ತಾಳೆ ಅಂದುಕೊಂಡೆ.

‘ನಾಕ ವರ್ಷ ಗ್ವಾಡಿ ಕೂಡ ಮಾತಾಡಿದಂಗ ಆತಲ್ಲ ನಿಂದು, ನನ್ನವ್ವಾ’ ಎಂದಳು. ‘ತಗಿ ಆ ಸೆರಗು ಬಾಯಿ ಮ್ಯಾಲಿಂದ. ಇನ್ನ ನನ್ನ ಮುಂದ ಜೋರಲೆ ಮಾತಾಡು. ಯಾರ ಏನ ಅಂತಾರ ನಾ ನೋಡ್ಕೊಂತೀನಿ.’

ನಾನು ಎಷ್ಟೋ ಮಷೀನು ನೋಡಿದ್ದೇನೆ. ಈಗ ಹುಟ್ಟಿದ ಎರಡನೇ ದಿನ, ನಿದ್ದೆಯಲ್ಲೇ ಕೂಸಿನ ಕಿವಿ ಅಳೆಯುವ ಉಪಕರಣ ಬಂದಿದೆ; ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೂ ಅವತ್ತು ಆ ಮುದುಕಿ ತನ್ನ ಪಕ್ಕದ ಮಗುವನ್ನು ಕೈ ಹಿಡಿದು ಎಬ್ಬಿಸಿ, ಸೊಸೆಯ ಆಚೆ ಮಗ್ಗುಲಿಗೆ ತಾನೇ ಕೂರಿಸಿದ್ದನ್ನು ನೋಡಿದಾಗ ಮೂಡಿದ ಗೌರವ ಬೇರೆಯದೇ. ಮನೆಯಲ್ಲಿ ತನಗಿದ್ದ ಸುಖ ಅದೊಂದೇ ಅಂತ ಅವಳ ಮುಖದಲ್ಲಿ ಬರೆದಿತ್ತು.

ಮಾದೇವಿಗೆ ಗಟ್ಟಿಯಾಗಿ ಮಾತಾಡುವುದು ಸಲೀಸಾಗಲಿಲ್ಲ. ಅಭ್ಯಾಸವೇ ಇರಲಿಲ್ಲ ಪಾಪ. ಏನು ಮಾತಾಡಲಿ ಅಂತ ಕೇಳಿದಳು. ಕೈಯಲ್ಲಿ ಮಾಡುತ್ತಿರುವುದನ್ನೇ ಹೇಳು ಎಂದೆ: ಎಲೆ ತಗೊಂಡೆ, ಕತ್ತರಿಸಿದೆ, ತಂಬಾಕು ಹಾಕಿದೆ, ಸುತ್ತಿದೆ, ದಾರ ಕಟ್ಟಿದೆ. ಪ್ರತಿ ವಾರ ಹೋದಾಗಲೂ ಅವಳ ದನಿ ಸ್ವಲ್ಪ ಮೇಲೆ ಬಂದಿರುತ್ತಿತ್ತು. ಶೋಭಾ ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು, ಹೊಸ ಆಟದ ಸಾಮಾನು ಸಿಕ್ಕ ಹಾಗೆ. ಮೊದಲು ‘ಎಲಿ’ ಬಂತು. ಆಮೇಲೆ ‘ದಾರ’. ಆಮೇಲೆ ಬೇಡ ಅನ್ನುವುದಕ್ಕೆ ‘ಒಲ್ಲೆ’ ಬಂತು. ಅದು ಬಂದ ಮೇಲೆ ಎಲ್ಲದಕ್ಕೂ ಅದೇ. ಬರಬರುತ್ತ ಪದಕ್ಕೆ ಪದ ಜೋಡಿಸಲೂ ಕಲಿತಳು, ಆದರೆ ತಾಯಿಯನ್ನು ಇನ್ನೂ ಮಾದೇವಿ ಅಂತಲೇ ಕರೆಯುತ್ತಿದ್ದಳು.

ಬಾಳು ಮಾತ್ರ ಇದಕ್ಕೆ ಸೊಪ್ಪು ಹಾಕಲಿಲ್ಲ. ಅವನು ಮನೆಯಲ್ಲಿರುತ್ತಿದ್ದದ್ದೇ ಕಡಿಮೆ. ‘ಎಲಿ, ದಾರ ಅಂದ್ರ ಸಾಲಿ ಕಲತಂಗ ಏನ್ರಿ? ಅಕ್ಕಗ ಮಾತು ಕೊಟ್ಟೀನಿ’ ಎಂದ. ಹಿರಿಯಕ್ಕನಿಗೆ ಕೊಟ್ಟ ಮಾತು. ತಾನುಬಾಯಿ ಹೇಳಿ ನೋಡಿದಳು, ಆಗಲಿಲ್ಲ. ಮಾದೇವಿ ಗಂಡನ ಮುಂದೆ ತುಟಿ ಎರಡು ಮಾಡಲಿಲ್ಲ.

ಶಾಲೆ ಶುರುವಾಗುವ ದಿನಗಳು. ನಾನು ನಿಪ್ಪಾಣಿಯ ಕೆಲಸ ಮುಗಿಸಿ ಚಿಕ್ಕೋಡಿಯ ಬಸ್ಸಿಗೆ ಕಾಯುತ್ತಿದ್ದೆ. ನೋಡಿದರೆ ಬಾಳು, ಅವನ ಅಕ್ಕ, ಮಾದೇವಿ. ಶೋಭಾಳ ಅರಿವೆಯ ಗಂಟನ್ನು ಬಾಳು ಇಚಲಕರಂಜಿಯ ಬಸ್ಸಿನೊಳಗೆ ಇಟ್ಟು ಬಾಗಿಲಲ್ಲಿ ನಿಂತಿದ್ದ. ಮಾದೇವಿಯ ಸೆರಗು ಮತ್ತೆ ತುಟಿಗೆ ಬಂದಿತ್ತು. ನನ್ನನ್ನು ನೋಡಿ ಕಣ್ಣಲ್ಲೇ ಏನೋ ಹೇಳಿದಳು. ಎಷ್ಟಾದರೂ ನಾನು ಹೊರಗಿನವಳು, ಬಾಯಿ ಹಾಕಲು ನನಗೇನು ಹಕ್ಕು?

ಕಂಡಕ್ಟರ್ ಸೀಟಿ ಊದಿದ. ಶೋಭಾ ಇಲ್ಲ! ಪೇರಲ ಹಣ್ಣಿನ ಬುಟ್ಟಿಯ ಹಿಂದೆ ಹೋದವಳು ಜನರ ನಡುವೆ ಸೇರಿ, ಬಸ್ಸುಗಳು ಹಿಂದಕ್ಕೆ ಸರಿಯುವ ಜಾಗದಲ್ಲಿ ನಿಂತಿದ್ದಳು. ‘ಶೋಭೇ!’ ಎಂದು ಬಾಳು ಕೂಗಿದ. ಅವನಕ್ಕನೂ ಕೂಗಿದಳು. ಹುಡುಗಿ ಕೇಳಿಸಿಕೊಂಡಳು, ಆದರೆ ತದ್ವಿರುದ್ಧ ದಿಕ್ಕಿಗೆ ಹೊರಟಳು. ದನಿ ಎಲ್ಲಿಂದ ಬಂತು ಅಂತ ಗೊತ್ತಾಗಲು ಎರಡು ಕಿವಿ ಬೇಕು. ಒಂದೇ ಕಿವಿಗೆ ಎಲ್ಲ ದನಿಯೂ ಆ ಕಿವಿಯ ಕಡೆಯದೇ.

ಆಗ ನನ್ನ ಪಕ್ಕದಲ್ಲಿ ಒಂದು ದನಿ ಎದ್ದಿತು. ಸೆರಗು ಹೆಗಲಿಗೆ ಜಾರಿತ್ತು. ಗಂಡ, ಅವನ ಅಕ್ಕ, ಬಸ್ ಸ್ಟ್ಯಾಂಡಿನ ತುಂಬ ಗಂಡಸರು, ಯಾರನ್ನೂ ಲೆಕ್ಕಿಸದೆ ಮಾದೇವಿ ಗಂಟಲು ಹರಿಯುವ ಹಾಗೆ ಕೂಗಿದಳು: ‘ಶೋಭಾ! ನಿಂದ್ರ ಅಲ್ಲೇ!’

ಹುಡುಗಿ ನಿಂತಳು. ಮಾದೇವಿ ಓಡುತ್ತ ಕೂಗುತ್ತಲೇ ಇದ್ದಳು. ಶೋಭಾ ನಿಂತ ಜಾಗದಲ್ಲೇ ಮೆಲ್ಲಗೆ ಸುತ್ತು ತಿರುಗತೊಡಗಿದಳು. ದನಿ ಎಲ್ಲಿ ದೊಡ್ಡದಾಗುತ್ತದೆ ಅಂತ ಬಲಗಿವಿಯನ್ನು ಮುಂದಿಟ್ಟು ಹುಡುಕುತ್ತಿದ್ದಳು. ಅಬ್ಬಾ! ಯಾರೂ ಕಲಿಸಿದ್ದಲ್ಲ ಅದು, ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ನಾಲ್ಕು ವರ್ಷದ ಮಗು ತನ್ನ ಒಂದು ಕಿವಿಯಿಂದ ದಿಕ್ಕನ್ನು ಮಾಡಿಕೊಳ್ಳುತ್ತಿತ್ತು. ತಿರುಗುತ್ತ ತಿರುಗುತ್ತ ತಾಯಿಯ ನೇರಕ್ಕೆ ಬಂದು ನಿಂತಳು, ಕಂಡಳು, ಜನರ ಕಾಲುಗಳ ನಡುವೆ ನುಗ್ಗಿ ಬಂದಳು. ಮಾದೇವಿ ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡು ಇನ್ನೂ ‘ಶೋಭಾ, ಶೋಭಾ’ ಎಂದು ಕೂಗುತ್ತಲೇ ಇದ್ದಳು.

ಮಗಳು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದಳು.

‘ಯವ್ವಾ, ಯಾಕ ಬೇ ಒದರ್ತಿ? ನನಗ ಕೇಳಸ್ತೈತಿ.’

ಬಾಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅದನ್ನು ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಗಂಟನ್ನು ಇಳಿಸಿದ.